ಬೆರಳಗಲ

ಸಾಲ್ತಿವ್ಕದ ಹದಿನಾರು ಮಹಡಿಯ ಕಟ್ಟಡದಲ್ಲಿ
ನನ್ನ ಪಾಲಿಗೆ ಬಂದದ್ದು ಕಿಟಕಿ.
ಗಾಜು ಹೋದಲ್ಲಿ ಹಲಗೆ, ಹಲಗೆಯ ಸುತ್ತ ನೊರೆಗೋಂದು,
ಕತ್ತಲಾಗುವುದರೊಳಗೆ ಎಷ್ಟಾದರೆ ಅಷ್ಟು.

ಹನ್ನೊಂದನೇ ಮಹಡಿ. ಮನೆಯಲ್ಲಿ ಯಾರೂ ಇಲ್ಲ.
ಎರಡು ಚೌಕಟ್ಟುಗಳ ನಡುವೆ
ಚಳಿಗೆಂದು ಹಳೇ ಕಂಬಳಿ ತುರುಕಿದ್ದಾರೆ ಅಂದುಕೊಂಡು
ಎಳೆಯಲು ಕೈ ಹಾಕಿದೆ.
ಕಂಬಳಿ ಉಸಿರಾಡಿತು.

ಬಾವಲಿ. ಒಂದರ ರೆಕ್ಕೆಯಡಿ ಇನ್ನೊಂದು,
ಸುಟ್ಟ ಬ್ರೆಡ್ಡಿನ ಬಣ್ಣ, ಗಾಜಿನ ಚೂರುಗಳ ಪಕ್ಕದಲ್ಲೇ ಗಾಢ ನಿದ್ದೆ.
ಪೊರಕೆ ಕೈಯಲ್ಲಿತ್ತು. ಸುಳ್ಳೇಕೆ, ಎತ್ತಿದ್ದೆ ಕೂಡ.
ಒಂಬತ್ತನೇ ಮಹಡಿಯಿಂದ ಏದುಸಿರು ಬಿಡುತ್ತ ಬಂದ ಲಿದಿಯಾ ಸ್ತೆಪಾನಿವ್ನಾ,
ಕಾರ್ಖಾನೆಯ ಲೆಕ್ಕ ಬರೆದು ನಿವೃತ್ತಳಾದವಳು,
"ಹ್ನಾತ್, ಅದನ್ನು ಕೆಳಗಿಡು" ಅಂದಳು
ಬಂದೂಕು ಹಿಡಿದವನಿಗೆ ಹೇಳುವ ದನಿಯಲ್ಲಿ.

ಅವಳೇ ಕೊಟ್ಟ ನಂಬರಿಗೆ ಸಿಕ್ಕವಳು ಝ್ಲಾತಾ ಎಂಬ ಹುಡುಗಿ.
ಅವಳ ಫ್ರಿಜ್ಜಿನಲ್ಲಿ ಆಗಲೇ ಮುನ್ನೂರು ಮಲಗಿದ್ದವಂತೆ.
"ನಿಮ್ಮದರಲ್ಲಿ ಏನಿದೆ?"
ಅರ್ಧ ಸೀಸೆ ಉಪ್ಪುಸೌತೆ. ಸಾಸಿವೆ.
ಮೆಲಾಂಕಾ ಮಗಳ ಕೈಹಿಡಿದು ಗಡಿ ದಾಟಿದ ಮೇಲೆ
ನಾನು ಅದರ ಬಾಗಿಲು ತೆಗೆಯುತ್ತಿದ್ದದ್ದು
ಒಳಗಿನ ದೀಪ ಹತ್ತುತ್ತದಲ್ಲ, ಅಷ್ಟಕ್ಕೆ.
"ಹಾಗಾದರೆ ಜಾಗ ಇದೆ" ಅಂದಳು.

ಮೂವತ್ತೊಂದು.
ಮಗಳ ದಿಂಬಿನ ಚೀಲ ಕತ್ತರಿಸಿ ಸಂಚಿ ಹೊಲಿದೆ, ವಂಕರ ಟಿಂಕರ.
ಬೆಣ್ಣೆಯ ಜಾಗದಲ್ಲಿ ನಾಲ್ಕು, ಮೊಟ್ಟೆಯ ಜಾಗದಲ್ಲಿ ನಾಲ್ಕು.
ಮೆಲಾಂಕಾ ಹಿಟ್ಟು ತೂಗುವ ತಕ್ಕಡಿಯಲ್ಲಿ
ಒಂದೊಂದೂ ಇಪ್ಪತ್ತಾರು ಗ್ರಾಂ, ಇಪ್ಪತ್ತೇಳು;
ಅವಳ ಅಡುಗೆ ಪುಸ್ತಕದಲ್ಲಿ ಜೇನುಕೇಕಿನ ಕೆಳಗೆ ಬರೆದಿಟ್ಟೆ.

ಝ್ಲಾತಾ ಹೇಳಿಕೊಟ್ಟದ್ದು ಒಂದೇ ಮಾತು: ಎಬ್ಬಿಸಬೇಡಿ.
ಎಚ್ಚರಾದರೆ ಎಷ್ಟೋ ದಿನದ ಕೊಬ್ಬು ಒಂದೇ ರಾತ್ರಿ ಕರಗುತ್ತದೆ.
ಎಬ್ಬಿಸಬೇಡಿ.
ಸೈರನ್ನಿಗೆ ಇದನ್ನು ಹೇಳುವವರು ಯಾರು?

ಕರೆಂಟು ಹೋದರೆ ಸಂಚಿಗಳು ಬಾಲ್ಕನಿಗೆ.
ಹೊರಗೆ ಹಿಮ ಕಚ್ಚತೊಡಗಿದರೆ ಮತ್ತೆ ಒಳಗೆ.
ಮೂರು ಗಂಟೆಗೊಮ್ಮೆ, ಐದಕ್ಕೊಮ್ಮೆ, ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು
ಮೂವತ್ತೊಂದು ಕೂಸಿನ ಬಾಣಂತಿ ನಾನು.
ಬಾವಲಿ ಮನೆಗೆ ನೆಂಟ ಹೋದರೆ ಅವನೂ ಜೋತುಬೀಳಬೇಕಂತೆ.
ಇಲ್ಲಿ ನೆಂಟರಾಗಿ ಬಂದದ್ದು ಅವು,
ಜೋತುಬಿದ್ದವನು ನಾನು.

"ಊಟ ಆಯಿತಾ? ಎಲ್ಲಿ, ಫ್ರಿಜ್ಜು ತೋರಿಸು" ಅಂದಳು ಮೆಲಾಂಕಾ
ಒಂದು ಭಾನುವಾರ, ಫೋನಿನಲ್ಲಿ.
ತೋರಿಸಿದೆ.
ಬಹಳ ಹೊತ್ತು ಮಾತಿಲ್ಲ.
ಆಮೇಲೆ, "ಮತ್ತೆ ಮೊಟ್ಟೆ ಎಲ್ಲಿಡುತ್ತೀ?"
ಅವಳ ಹಿಂದೆಲ್ಲೋ, ಪರದೆಯಾಚೆ, ಮಗಳು ಕಿಸಕ್ಕನೆ ನಕ್ಕಳು.

ಎರಡು ಏಳಲೇ ಇಲ್ಲ.
ಲಿಂಡನ್ ಮರದ ಬುಡದಲ್ಲಿ ಚಮಚೆಯಿಂದ ತೋಡಿದೆ.
ಚಮಚೆ ಬಾಗಿತು, ನೆಲ ಬಾಗಲಿಲ್ಲ.

ಏಪ್ರಿಲ್. ಕರ್ಫ್ಯೂಗೆ ಇನ್ನೂ ಹೊತ್ತಿತ್ತು.
ಲಿದಿಯಾ ಸ್ತೆಪಾನಿವ್ನಾ ತುಟಿಬಣ್ಣ ಹಚ್ಚಿ ಬಂದಿದ್ದಳು.
ಸಂಚಿಯ ಬಾಯಿ ಬಿಚ್ಚಿದಂತೆಲ್ಲ
ಒಂದೊಂದೇ ನನ್ನ ತೋಳೇರಿ ಗಡಗಡ ನಡುಗಿ,
ಚಳಿಗೆ ಕೆಮ್ಮುವ ಹಳೇ ಇಂಜಿನ್ನಿನಂತೆ ನಡುಗಿ ನಡುಗಿ ಕಾದು,
ಹೊರಟಿತು.
ಕೊನೆಯದು ಕಾಲರಿನೊಳಗೆ ಹೊಕ್ಕು ಕುಳಿತು ಸತಾಯಿಸಿತು.
ಮೇಲೆ ಏನು ಹಾರಿದರೂ ತಲೆ ತಗ್ಗಿಸಿ ಓಡುವುದನ್ನು ಕಲಿತಿದ್ದ ನಾವು
ಇಬ್ಬರೂ ಬಯಲಲ್ಲಿ ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದೆವು.

ಈ ಶರದದಲ್ಲಿ ಹನ್ನೊಂದನೇ ಮಹಡಿಗೆ ಹೊಸ ಗಾಜು ಬಂತು.
ಕೂರಿಸಿದೆ. ಸುತ್ತ ಗೋಂದು ತುಂಬಿದೆ.
ತಪಾಸಣೆಯವನು ಸ್ಟೂಲು ಹತ್ತಿ ಬೆರಳಿಟ್ಟು ನೋಡಿದ:
"ಇಲ್ಲಿ ಮೇಲುಗಡೆ ಸಂದು ಉಳಿದಿದೆಯಲ್ಲ."

ಗೋಂದು ಮುಗಿಯಿತು, ಅಂದೆ.
ಕೈಯಲ್ಲಿ ಡಬ್ಬಿ ಇನ್ನೂ ಭಾರವಾಗಿತ್ತು.